ಆಮೆಗಳ ದಡದಲ್ಲಿ ಕಳೆದುಹೋದ ಮಗಳು

ನನ್ನ ಮಗಳು ಮಾನಸಳಿಗೆ ಎಂಟು ವರ್ಷ. ಆಟಿಸಂ ಇದೆ, ಮಾತು ಬಂದಿಲ್ಲ. ಮೈಸೂರಿನ ಹೂಟಗಳ್ಳಿಯಲ್ಲಿ ನಮ್ಮ ಮನೆ. ಕಳೆದ ಶಿವರಾತ್ರಿ ಆದ ಮೇಲೆ ಅಂಡಮಾನಿನ ಒಂದು ದ್ವೀಪದಲ್ಲಿ ಇವಳನ್ನು ಕಳೆದುಕೊಂಡಿದ್ದೆ. ತಾಯಿ ಚಾಮುಂಡೇಶ್ವರಿ ಹೇಗೆ ಹಿಂದಕ್ಕೆ ಕೊಟ್ಟಳು ಎಂಬುದನ್ನು, ಅವಳನ್ನು ನಂಬಿದ ನಿಮ್ಮ ಮುಂದೆ ಹೇಳದೆ ಇರಲಾರೆ.

ಮಾನಸ ಒಂದು ಕಡೆ ಕೂರುವವಳಲ್ಲ. ಮೃಗಾಲಯದಲ್ಲಿ ಆಮೆಗಳ ಮುಂದೆ ಮಾತ್ರ ಎಷ್ಟು ಹೊತ್ತಾದರೂ ಅಲುಗಾಡದೆ ನಿಲ್ಲುತ್ತಾಳೆ. ಅದಕ್ಕೇ ನಮ್ಮ ಯಜಮಾನರು, "ಒಂದ್ಸಲ ಸಮುದ್ರದ ಆಮೆ ತೋರಿಸ್ಬುಡೋಣ ಕಣೇ" ಎಂದರು. ಅವರ ಅಕ್ಕ ರತ್ನಮ್ಮನವರೂ ಜೊತೆಗೆ ಹೊರಟರು. ಹೊರಡುವ ಮುಂಚೆ ಮನೆಗೆ ಬಂದು, "ಈ ಮಗೀನ ಅಷ್ಟು ದೂರ ಯಾಕೆ ಎಳ್ಕೊಂಡೋಗ್ತೀಯ ಸುಮಿತ್ರಾ? ನಿಮ್ಮಮ್ಮನ ಹತ್ರ ಬುಟ್ಟು ಬಾ. ವಿಮಾನದಲ್ಲಿ ಕಿರುಚ್ಕೊಂಡ್ರೆ ಎಲ್ರೂ ನಮ್ಮನ್ನೇ ನೋಡ್ತಾರೆ" ಎಂದರು.

"ನೋಡ್ಲಿ ಬುಡಿ ಅತ್ತಿಗೆ. ಇವಳಿಗೋಸ್ಕರಾನೇ ಹೊರಟಿರೋದು. ಇವಳು ಬರ್ಬಾರ್ದು ಅಂದ್ರೆ ನಾನೂ ಬರಲ್ಲ," ಎಂದೆ.

ಆ ದ್ವೀಪದ ದಡದಲ್ಲಿ ಅರಣ್ಯ ಇಲಾಖೆಯವರು ಬೇಲಿ ಹಾಕಿ ಆಮೆಯ ಮೊಟ್ಟೆಗಳನ್ನು ಕಾಯುತ್ತಾರೆ. ಮರಿಗಳಾದ ಮೇಲೆ ಸಂಜೆ ಸಮುದ್ರಕ್ಕೆ ಬಿಡುತ್ತಾರೆ. ನಾವು ದೂರ ನಿಂತು ನೋಡಬಹುದು, ಮುಟ್ಟುವಂತಿಲ್ಲ. ಬುಟ್ಟಿಯಿಂದ ಇಳಿದ ಮರಿಗಳು ಮರಳಿನ ಮೇಲೆ ತೆವಳುತ್ತಾ ಹೋದವು. ಮೊದಲ ಮರಿಯನ್ನು ಅಲೆ ಎತ್ತಿಕೊಂಡಾಗ ಜನ ಚಪ್ಪಾಳೆ ತಟ್ಟಿ ಕೂಗಿದರು. ಗದ್ದಲ ಮಾನಸಳಿಗೆ ಆಗುವುದಿಲ್ಲ. ನನ್ನ ಕೈ ಕೊಸರಿಕೊಂಡು ಜನರ ನಡುವೆ ನುಗ್ಗಿದವಳು ಕಣ್ಣಿಗೇ ಬೀಳಲಿಲ್ಲ.

ಹೆಸರು ಹಿಡಿದು ಕರೆದರೆ ಓಗೊಡುವ ಮಗುವಲ್ಲ ಅದು. ಯಜಮಾನರು ಒಂದು ಕಡೆ ಓಡಿದರು, ಇಲಾಖೆಯವರು ಇನ್ನೊಂದು ಕಡೆ. ನೀರು ಏರುತ್ತಿತ್ತು. ರತ್ನಮ್ಮನವರು ನನ್ನ ಭುಜ ಹಿಡಿದು ಅಳುತ್ತಲೇ, "ಸಮಾಧಾನ ಮಾಡ್ಕೊ ಕಣಮ್ಮ. ಆ ಮಗೀಗೂ ನಿಂಗೂ ದೇವ್ರೇ ಬಿಡುಗಡೆ ಕೊಟ್ಟ ಅಂದ್ಕೊ" ಎಂದರು.

ಅವರ ಕೈ ಕಿತ್ತೆಸೆದೆ. ಮೊಣಕಾಲುದ್ದ ನೀರಿಗೆ ಇಳಿದು ಜನ ಕೇಳುವ ಹಾಗೆಯೇ ಅರಚಿದೆ: "ಚಾಮುಂಡೀ! ಇವಳಿಗೆ ಮಾತು ಕೊಡು ಅಂತ ಇಷ್ಟು ವರ್ಷ ಬೇಡ್ಕೊಂಡೆ. ಇನ್ನು ಬೇಡಲ್ಲ. ನಂಗೆ ಯಾವ ಬಿಡುಗಡೇನೂ ಬೇಡ. ನನ್ನ ಮಗಳು ಹೆಂಗಿದ್ಲೋ ಹಂಗೇ ತಂದ್ಕೊಡು. ಕೊಡ್ಲಿಲ್ಲ ಅಂದ್ರೆ ನಿನ್ನ ಬೆಟ್ಟಕ್ಕೆ ಕಾಲಿಡೋಳಲ್ಲ ನಾನು!"

ಇದಾಗಿ ಸ್ವಲ್ಪ ಹೊತ್ತಿಗೆ ಕೇದಗೆ ಪೊದೆಗಳ ಹಿಂದಿನಿಂದ ಒಂದು ಕೂಗು ಬಂತು. ನಮ್ಮ ಅಕ್ಕಪಕ್ಕದವರು ಕಿವಿ ಮುಚ್ಚಿಕೊಳ್ಳುವ ಕೂಗು, ನನಗಂತೂ ಸಾವಿರದಲ್ಲಿ ಗುರುತು ಸಿಗುವಂಥದ್ದು. ಬಿದ್ದು ಎದ್ದು ಓಡಿದೆ. ಬೇಲಿಯ ಆಚೆ, ಯಾರಿಗೂ ಗೊತ್ತಿಲ್ಲದ ಒಂದು ಗೂಡು ಒಡೆದು ಮರಿಗಳು ಮೇಲೆ ಬರುತ್ತಿದ್ದವು. ಕಾಗೆಗಳು ಎರಗುತ್ತಿದ್ದವು. ಮಾನಸ ಎರಡೂ ಕೈ ಬೀಸುತ್ತಾ ಅವುಗಳ ಮೇಲೆ ಕಿರುಚುತ್ತಿದ್ದಳು. ಒಂದು ಮರಿಯನ್ನೂ ಮುಟ್ಟಿರಲಿಲ್ಲ.

ನನ್ನ ಹಿಂದೆಯೇ ಬಂದ ಇಲಾಖೆಯ ಹೆಂಗಸು ಕೋಲೆತ್ತಿ ಕಾಗೆ ಓಡಿಸಿದರು. "ಇವಳು ಇಲ್ಲದಿದ್ದರೆ ಒಂದೂ ಉಳಿಯುತ್ತಿರಲಿಲ್ಲ" ಎಂದು ಹಿಂದಿಯಲ್ಲಿ ಹೇಳಿದರು. ನಾನು ಮರಳಿನಲ್ಲೇ ಕುಸಿದು ಮಗಳನ್ನು ತಬ್ಬಿಕೊಂಡೆ. ಅವಳು ನನ್ನನ್ನು ತಳ್ಳಿ, ಕೊನೆಯ ಮರಿ ನೀರು ಸೇರುವ ತನಕ ಅಲ್ಲೇ ನಿಂತಳು.

ಊರಿಗೆ ಬಂದ ಮೊದಲ ಶುಕ್ರವಾರವೇ ಬೆಟ್ಟಕ್ಕೆ ಹೋದೆವು. ಅಮ್ಮನವರ ಮುಂದೆ ಕಣ್ಣು ತುಂಬಿ ಬಂತು, ಆದರೆ ತಪ್ಪಾಯಿತು ಎಂದು ಹೇಳಲಿಲ್ಲ. ಜಗಳವಾಡಿದ್ದಕ್ಕೆ ತಾಯಿ ಮುನಿಸಿಕೊಂಡಿಲ್ಲ ಎಂದು ನನಗೆ ಗೊತ್ತು. ಹೊರಗೆ ಬಂದಾಗ ರತ್ನಮ್ಮನವರು ಮೆಲ್ಲಗೆ, "ಎಲ್ಲಾ ಸರಿ, ಆ ತಾಯಿ ಮಾತೊಂದು ಕೊಡ್ಲಿಲ್ವಲ್ಲ ಸುಮಿತ್ರಾ" ಎಂದರು.

"ನಾನು ಮಾತು ಕೇಳ್ಲಿಲ್ಲ ಅತ್ತಿಗೆ, ಮಗಳನ್ನ ಕೇಳ್ದೆ. ಕೊಟ್ಲು," ಎಂದೆ.