ಐದು ಮಡಿಕೆಯ ಲಂಗ

ನಮ್ಮ ಕಟ್ಟೆಮಳಲವಾಡಿಯಲ್ಲಿ ಮೊದಲು ಹೊಲಿಗೆ ಮಿಷನ್ ಇಟ್ಟವಳು ಪುಟ್ಟಮಲ್ಲಮ್ಮ. ಇಟ್ಟವಳು ಎನ್ನಬೇಕೇ ಹೊರತು, ಹೊಲಿದು ಹೆಸರಾದವಳು ಎನ್ನಲು ನಮ್ಮೂರು ಬಿಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ. ಅದರಲ್ಲಿ ಅರ್ಧ ನನ್ನ ಮೇಲೆಯೇ.

ಅವಳ ಗಂಡ ನಂಜಣ್ಣ ಮದುವೆಯಾದ ನಾಲ್ಕನೇ ವರ್ಷಕ್ಕೆ ಜ್ವರ ಬಂದು ಹೋದ. ಮಕ್ಕಳಿರಲಿಲ್ಲ. ಕೃಷ್ಣರಾಜನಗರದಲ್ಲಿದ್ದ ಅಣ್ಣ ಚನ್ನಬಸವಣ್ಣ, ತಂಗಿಯನ್ನು ಮನೆಗೆ ಕರೆದೊಯ್ಯುವ ಬದಲು ಹಳೆಯದೊಂದು ಕಾಲುಮಿಷನ್ನನ್ನು ಗಾಡಿಯಲ್ಲಿ ಕಳಿಸಿ ಕೈತೊಳೆದುಕೊಂಡ. ಮಿಷನ್ ಬಂತು, ತುಳಿಯಲು ಬರಬೇಕಲ್ಲ. ೧೯೫೨ರಲ್ಲಿ ಹುಣಸೂರಿನಲ್ಲಿ ಹೆಂಗಸರಿಗೆ ಹೊಲಿಗೆ ಕ್ಲಾಸು ಶುರುವಾದಾಗ ಮೂರು ತಿಂಗಳು ದಿನಾ ನಡೆದೇ ಹೋಗಿ ಬಂದಳು.

ಅಲ್ಲಿನ ಪಾಡನ್ನು ಆಮೇಲೆ ನಗುನಗುತ್ತ ನನಗೆ ಹೇಳುತ್ತಿದ್ದಳು. ಟೀಚರ್ ಸುನಂದಮ್ಮ ಮೊದಲ ವಾರ ದಾರವನ್ನೇ ಕೊಡಲಿಲ್ಲವಂತೆ. ಗೆರೆ ಎಳೆದ ಕಾಗದದ ಮೇಲೆ ಬರೀ ಸೂಜಿ ಓಡಿಸಬೇಕು. ಇವಳು ತುಳಿದರೆ ಚಕ್ರ ಹಿಂದಕ್ಕೆ ತಿರುಗುತ್ತಿತ್ತು. ದಾರ ಸಿಕ್ಕ ಮೇಲೆ ಅದು ಬಟ್ಟೆಯಡಿ ಗಂಟುಗಂಟಾಗಿ ಕೂರುತ್ತಿತ್ತು. ಇದೆಲ್ಲ ಹೇಗೋ ಕೈಗೆ ಕಾಲಿಗೆ ಹತ್ತಿತು. ಹತ್ತದೇ ಉಳಿದದ್ದು ಅಳತೆ. ಕಲಿಯುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಎದುರಿಗೆ ನಿಲ್ಲುವ ಒಂದು ಮೈ. ಉಳಿದವರು ಮಕ್ಕಳನ್ನೋ ನಾದಿನಿಯರನ್ನೋ ನಿಲ್ಲಿಸಿಕೊಂಡು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಪುಟ್ಟಮಲ್ಲಮ್ಮ ತಲೆದಿಂಬಿಗೆ ಟೇಪು ಸುತ್ತಿ ಅಳೆಯುತ್ತಿದ್ದಳು.

ಕ್ಲಾಸು ಮುಗಿಸಿ ಬಂದವಳಿಗೆ ಮೊದಲು ಬಟ್ಟೆ ಕೊಟ್ಟವಳು ನಮ್ಮವ್ವ ಮಂಗಳಮ್ಮ. ನನಗೆ ಆಗ ಆರು ವರ್ಷ, ಯುಗಾದಿಗೆ ಲಂಗ ಆಗಬೇಕಿತ್ತು. ಪುಟ್ಟಮಲ್ಲಮ್ಮ ನನ್ನನ್ನು ಜಗಲಿಯ ಮೇಲೆ ನಿಲ್ಲಿಸಿ, ಸೊಂಟದಿಂದ ಪಾದದವರೆಗೆ ಟೇಪು ಹಿಡಿದು ಮೂರು ಸಲ ಅಳೆದಳು. ಲಂಗ ನೂಲೆಳೆಯಷ್ಟೂ ಹೆಚ್ಚುಕಮ್ಮಿಯಾಗದೆ ಪಾದಕ್ಕೆ ಸರಿಯಾಗಿ ನಿಂತಿತು. ನನ್ನನ್ನು ಒಂದು ಸುತ್ತು ತಿರುಗಿಸಿ ನೋಡಿ ಅವಳು ಕಣ್ಣೊರೆಸಿಕೊಂಡಿದ್ದು ನನಗೆ ನೆನಪಿದೆ.

ಹಳ್ಳಿಯಲ್ಲಿ ಮಕ್ಕಳಿಗೆ ಹಾಗೆ ಸರಿಯಾಗಿ ಹೊಲಿಸುವ ಪದ್ಧತಿಯೇ ಇರಲಿಲ್ಲ. ಮುಂದಿನ ಮೂರು ನಾಲ್ಕು ವರ್ಷಕ್ಕೆ ಆಗುವಷ್ಟು ಬಟ್ಟೆಯನ್ನು ಅಡ್ಡಡ್ಡ ಮಡಿಕೆ ಹಾಕಿ ಹೊಲಿದಿಡಬೇಕು, ಮಗು ಬೆಳೆದ ಹಾಗೆ ವರ್ಷಕ್ಕೊಂದು ಮಡಿಕೆ ಬಿಚ್ಚಬೇಕು. ಮಕ್ಕಳಿದ್ದ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಿರಲಿಲ್ಲ. ದೀಪಾವಳಿಯ ಹೊತ್ತಿಗೆ ನನ್ನ ಲಂಗ ಮೊಳಕಾಲಿನ ದಾರಿ ಹಿಡಿಯಿತು. ಅವ್ವ ಅದನ್ನು ಹಿಡಿದುಕೊಂಡು ಬಾವಿಕಟ್ಟೆಯಲ್ಲಿ ನಾಲ್ಕು ಜನರ ಮುಂದೆಯೇ ಪುಟ್ಟಮಲ್ಲಮ್ಮನಿಗೆ ಅಂದಳು.

"ಅಳತೆ ಸರಿಯಾಗೇ ಅದೆ ಕಣೆ. ಆದ್ರೆ ಮಕ್ಕಳ ಮೈ ಬೆಳೀತದೆ. ಹೆತ್ತಿದ್ರೆ ಗೊತ್ತಿರೋದು ನಿಂಗೆ."

ಪುಟ್ಟಮಲ್ಲಮ್ಮ ಕೊಡ ತುಂಬಿಸಿಕೊಂಡು ಹೋದಳು. ಆ ಮಾತು ಊರೆಲ್ಲ ಸುತ್ತಿತು, ಅವಳ ಜಗಲಿಗೆ ಬಟ್ಟೆ ತರುವವರು ನಿಂತೇಹೋದರು. ರವಿಕೆಯೆಲ್ಲ ಹುಣಸೂರಿನ ದರ್ಜಿಯ ಪಾಲಾಯಿತು.

ಅವ್ವನ ಬಾಯಿ ಕೆಟ್ಟದ್ದೇ ಹೊರತು ಮನಸ್ಸು ಅಷ್ಟು ಕೆಟ್ಟದ್ದಲ್ಲ. ಮುಂದಿನ ಯುಗಾದಿಗೆ ಗಟ್ಟಿಯಾದ ಕೆಂಪು ಬಟ್ಟೆ ಕೊಟ್ಟು, ಎರಡು ಮಡಿಕೆ ಸಾಕು ಎಂದು ಹೇಳಿ ಕಳಿಸಿದಳು. ಪುಟ್ಟಮಲ್ಲಮ್ಮ ಐದು ಹಾಕಿದಳು. ಲಂಗ ದಪ್ಪಗೆ ಡೊಳ್ಳಿನಂತೆ ನಿಂತಿತು, ನನ್ನ ಓರಗೆಯವರು ನಕ್ಕರು. ವರ್ಷಕ್ಕೊಂದರಂತೆ ತಾನೇ ಬಿಚ್ಚಿಕೊಡುವುದಾಗಿಯೂ, ಬೇರೆ ಯಾರೂ ಕೈಹಾಕಬಾರದೆಂದೂ ಅವಳು ಅವ್ವನಿಗೆ ಹೇಳಿ ಒಪ್ಪಿಸಿದ್ದಳು.

ಹಾಗಾಗಿ ಯುಗಾದಿಯ ಹಿಂದಿನ ದಿನ ನಾನು ಅವಳ ಮನೆಗೆ ಹೋಗಬೇಕು. ತಟ್ಟೆಯಲ್ಲಿ ಹುರಿಗಡಲೆ, ಬೆಲ್ಲ ಕಾದಿರುತ್ತಿತ್ತು. ಒಂದು ಮಡಿಕೆ ಬಿಚ್ಚಲು ಎಷ್ಟು ಹೊತ್ತು ಬೇಕು? ಅವಳು ಒಂದೊಂದೇ ಹೊಲಿಗೆಯನ್ನು ಬ್ಲೇಡಿನ ಮೂಲೆಯಿಂದ ಎತ್ತುತ್ತ ಸಾಯಂಕಾಲ ಮಾಡುತ್ತಿದ್ದಳು. ನಾನು ಚಿಕ್ಕವ್ವ ಎಂದು ಕರೆದರೆ ಕೇಳಿಸದವಳಂತೆ ಸುಮ್ಮನಿದ್ದು, ಇನ್ನೊಂದು ಸಲ ಕರೆಸಿಕೊಳ್ಳುತ್ತಿದ್ದಳು. ನನಗೆ ಆಟಕ್ಕೆ ಹೋಗುವ ಅವಸರ. ಕಡಲೆ ಮುಗಿದ ಮೇಲೆ ಕೂರುವುದು ಬೇಸರದ ಕೆಲಸ.

ಎರಡು ವರ್ಷ ಹೀಗೆ ನಡೆಯಿತು. ಮೂರನೇ ವರ್ಷ, ಹತ್ತು ತುಂಬಿದ ಜಂಬದಲ್ಲಿ, ನಾನೇ ಅಪ್ಪನ ಬ್ಲೇಡು ತೆಗೆದುಕೊಂಡು ಉಳಿದ ಮೂರು ಮಡಿಕೆಗಳನ್ನೂ ಒಂದೇ ಉಸಿರಿಗೆ ಬಿಚ್ಚಿಬಿಟ್ಟೆ. ಬಟ್ಟೆ ಒಂದಿಷ್ಟೂ ಹರಿಯಲಿಲ್ಲ. ನೆಲಕ್ಕೆ ಎಳೆದಾಡುವ ಲಂಗವನ್ನು ಎತ್ತಿ ಹಿಡಿದು ಅವಳಿಗೆ ತೋರಿಸಲು ಓಡಿದೆ. ಮೆಚ್ಚುತ್ತಾಳೆಂದುಕೊಂಡಿದ್ದೆ.

ಅವಳು ಲಂಗದ ಮೇಲಿನ ಹಳೆಯ ಗೆರೆಗಳನ್ನು ಬೆರಳಿನಿಂದ ಒಂದೊಂದಾಗಿ ಸವರಿದಳು. ಬಿಚ್ಚಿದ ಕಡೆ ಬಟ್ಟೆ ಹೊಸದರ ಹಾಗೆ ಕೆಂಪಗಿತ್ತು.

"ಚೆಂದಾಗಿ ಬಿಚ್ಚಿದೀಯ ಕಣವ್ವ" ಎಂದಳು. ಆಮೇಲೆ, "ಇನ್ನೇನೂ ಉಳೀಲಿಲ್ಲ ಬುಡು."

ಮತ್ತೆ ಮಡಿಸಿ ಹೊಲಿ ಎಂದು ನಾನು ಕೇಳಬಹುದಿತ್ತು. ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಅವ್ವ ಬೈಯುತ್ತಲೇ ಕೈಸೂಜಿಯಲ್ಲಿ ಎರಡು ಮಡಿಕೆ ಹಾಕಿದಳು. ಮರುವರ್ಷ ಅದರಲ್ಲೊಂದನ್ನು ಅವ್ವನೇ ಬಿಚ್ಚಿದಳು.

ಆ ಯುಗಾದಿಯ ಹಿಂದಿನ ದಿನ ಗೆಳತಿಯರ ಜೊತೆ ಪುಟ್ಟಮಲ್ಲಮ್ಮನ ಮನೆಯ ಮುಂದೆ ಹಾದುಹೋದೆ. ಜಗಲಿಯ ಮೇಲೆ ಮಿಷನ್ನಿನ ಪಕ್ಕದಲ್ಲಿ ತಟ್ಟೆ ಇತ್ತು. ನೊಣ ಕೂರದಂತೆ ಮೇಲೊಂದು ಬಟ್ಟೆಯ ಚೂರು ಮುಚ್ಚಿತ್ತು. ಅವಳು ಬಾಗಿಲಲ್ಲಿ ನಿಂತು, ಲಂಗ ಉದ್ದ ಸಾಕಾಯಿತೇ ಎಂದು ಕೇಳಿದಳು.

"ಅವ್ವನೇ ಬಿಚ್ಚಿದ್ಲು ಚಿಕ್ಕವ್ವ" ಎಂದೆ.

ಆ ದಿನ ಅವಳು ಎರಡನೇ ಸಲ ಕರೆಸಿಕೊಳ್ಳಲಿಲ್ಲ. ಬೆಳೆಯಲಿ ಬಿಡು ಎಂದು, ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ನಿಲ್ಲದೆ ಆಟಕ್ಕೆ ಓಡಿದೆ.