ಚಿಗವ್ವನ ಮಧ್ಯಾಹ್ನದ ನಿದ್ದೆ

ಮೊನ್ನೆ ಮಹಡಿಯ ಮೇಲೆ ಹಾಸಿಗೆಗಳನ್ನು ಬಿಸಿಲಿಗೆ ಹಾಕಿದ್ದೆ. ಸಂಜೆ ಮಡಚಲು ಹೋದರೆ ಒಂದು ಗಾದಿಯ ಮೂಲೆಯ ಹೊಲಿಗೆ ಬಿಚ್ಚಿ ಅರಳೆ ಹೊರಗೆ ಬಂದಿತ್ತು. ಬೆರಳು ಹಾಕಿ ಒಳಗೆ ತುರುಕಿದೆ. ಬಿಸಿಲುಂಡ ಹಳೇ ಹತ್ತಿಯ ವಾಸನೆ, ಒಂದಿಷ್ಟು ಧೂಳು, ಒಂದಿಷ್ಟು ತಲೆಯೆಣ್ಣೆ... ಎರಡು ಸಲ ಸೀನಿದೆ. ಆಮೇಲೆ ಅದರ ಮೇಲೇ ಕೂತುಬಿಟ್ಟೆ. ಕೆಳಗಿನಿಂದ ನಮ್ಮ ಯಜಮಾನರು, “ಹಾಸಿಗಿ ತರಾಕ ಹೋಗಿ ಎಷ್ಟೊತ್ತಾತು? ಚಾ ಆರಿ ಹೋಗಾಕತ್ತೈತಿ” ಎಂದು ಕೂಗುತ್ತಿದ್ದರು. ನನಗೆ ಎದುರುಮನೆಯ ಚಿಗವ್ವ ನೆನಪಾಗಿದ್ದಳು.

ಚಿಗವ್ವ ಎಂದರೆ ನನ್ನ ಸ್ವಂತ ಚಿಕ್ಕಮ್ಮನಲ್ಲ. ಕೊಟ್ಟೂರಿನ ನಮ್ಮ ಓಣಿಯಲ್ಲಿ ಅವರ ಮನೆ, ನಮ್ಮ ಮನೆ ಎದುರುಬದುರು. ಅವರು ಪಿಂಜಾರರು, ಹತ್ತಿ ಹಿಂಜಿ ಗಾದಿ, ದಿಂಬು ಮಾಡುವ ಮನೆತನ. ಅವಳ ಗಂಡನನ್ನು ನಾವೆಲ್ಲ ಕಾಕ ಎನ್ನುತ್ತಿದ್ದೆವು. ಪ್ರಾಯದಲ್ಲಿ ಕಾಕ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಕೂಡ್ಲಿಗಿ ದಾಟಿ ಗುಡೇಕೋಟೆಯವರೆಗೂ ಊರೂರು ತಿರುಗಿದವರು. ಯಾರಾದರೂ “ನಮ್ಮ ಮನ್ಯಾಗ ಗಾದಿ ಅದಾವ, ಬರ್ರಿ” ಎಂದರೆ ಸಾಕು, ಎಷ್ಟು ದೂರವಾದರೂ ಹೊರಟೇಬಿಡುವವರು. ಫೋಮಿನ ಹಾಸಿಗೆ ಬಂದ ಮೇಲೆ ಬಿಲ್ಲು ಮೂಲೆ ಸೇರಿತು. ಮಗಳನ್ನು ಹರಪನಹಳ್ಳಿಗೆ ಕೊಟ್ಟಿದ್ದರು. ಚಿಗವ್ವ ದಿಂಬಿನ ಗವಸು ಹೊಲಿಯುತ್ತಿದ್ದಳು.

ಆಮೇಲೆ ಕಾಕನಿಗೆ ಮರೆವಿನ ಕಾಯಿಲೆ ಶುರುವಾಯಿತು. ಮೊದಮೊದಲು ನಾವು ನಕ್ಕಿದ್ದೇ ಹೆಚ್ಚು. ತೀರಿಹೋದ ಅಣ್ಣನಿಗೆ ಚಹಾ ತೆಗೆದಿಡು ಎನ್ನುತ್ತಿದ್ದರು. ಅಂಗಿಯ ಮೇಲೆ ಅಂಗಿ ಹಾಕಿಕೊಂಡು ಬರುತ್ತಿದ್ದರು. ಬರಬರುತ್ತಾ ಮಗಳ ಗುರುತೂ ಹೋಯಿತು. ಕೈಗೆ ಮಾತ್ರ ಕಸುಬು ಮರೆತಿರಲಿಲ್ಲ. ತಾವು ಮಲಗುವ ಗಾದಿಯನ್ನೇ ಬಿಚ್ಚಿ ಮನೆತುಂಬ ಅರಳೆ ಹರಡುತ್ತಿದ್ದರು. ಹಗಲು ರಾತ್ರಿ ಎನ್ನದೆ ಎದ್ದು ಹೊರಡುತ್ತಿದ್ದರು. ಅವರ ಹಿಂದೆ ಚಿಗವ್ವ. ಅವಳ ಕಣ್ಣುಗಳು ಒಳಗೆ ಹೋಗಿದ್ದವು. ಒಂದು ದಿನ ನಮ್ಮ ನಲ್ಲಿಯ ಹತ್ತಿರ ಕೊಡ ಹಿಡಿದವಳು ನಿಂತಲ್ಲೇ ತೂಕಡಿಸಿ ಬಿದ್ದಳು.

ಆಗ ನನಗೊಂದು ಉಪಾಯ ಹೊಳೆಯಿತು. ಒಂದು ಹಳೇ ದಿಂಬು. ಅದನ್ನು ಓಣಿಯ ಏಳು ಮನೆಗಳು ದಿನಕ್ಕೊಂದರಂತೆ ಇಟ್ಟುಕೊಳ್ಳುವುದು. ಮಧ್ಯಾಹ್ನ ಎರಡಕ್ಕೆ ಆ ದಿನದ ಮನೆಯವರು ಹೋಗಿ, “ಕಾಕಾ ಬರ್ರಿ, ದಿಂಬು ಹಿಂಜೋದೈತಿ” ಎಂದು ಕರೆತರುವುದು. ಕಾಕ ಕಟ್ಟೆಯ ಮೇಲೆ ಕೂತು, ಬಿಚ್ಚಿ, ಕಸ ಆರಿಸಿ, ಬೆರಳಲ್ಲೇ ಎಳೆ ಎಳೆ ಬಿಡಿಸುತ್ತಾ ನಾಲ್ಕರವರೆಗೆ ಅಲ್ಲಾಡುತ್ತಿರಲಿಲ್ಲ. ಅಷ್ಟು ಹೊತ್ತು ಚಿಗವ್ವ ಮಲಗುವಳು. ಸಂಜೆ ಅದೇ ಅರಳೆಯನ್ನು ತುಂಬಿ ಹೊಲಿದು, ಬೆಳಗ್ಗೆ ಮುಂದಿನ ಮನೆಗೆ ಕೊಡುವಳು. ಆ ಒಂದೇ ದಿಂಬು ನಮ್ಮ ಓಣಿಯಲ್ಲಿ ಒಂದೂವರೆ ವರ್ಷ ಸುತ್ತಿತು. ಕಾಕನಿಗೆ ಅದು ದಿನಾಲೂ ಹೊಸ ದಿಂಬು. ಮುಗಿಸಿದ ಮೇಲೆ, “ಭಾಳ ಗಂಟಾಗಿತ್ತು ನೋಡವ್ವಾ, ಈಗ ಹಗುರಾತು” ಎನ್ನುತ್ತಿದ್ದರು.

ಮೊದಲ ದಿನ ಎದ್ದು ಬಂದ ಚಿಗವ್ವನ ಕೆನ್ನೆಯ ಮೇಲೆ ಚಾಪೆಯ ಗೀರು ಮೂಡಿತ್ತು. ಮುಖ ಊದಿತ್ತು, ನಗುತ್ತಿತ್ತು. “ತಂಗಿ, ಇವತ್ತು ಕನಸು ಬಿತ್ತು ನೋಡು” ಎಂದಳು. “ಕನಸು ಬೀಳೋವಷ್ಟು ನಿದ್ದಿ ಮಾಡಿ ಎಷ್ಟು ದಿನಾ ಆಗಿತ್ತೋ ಏನೋ.”

ನಾನು ಆ ಉಪಾಯವನ್ನು ನಾಲ್ಕು ಮಂದಿಯ ಮುಂದೆ ಹೇಳಿಕೊಂಡು ತಿರುಗಿದೆ. ಸುಳ್ಳೇಕೆ? ನಾನು ಗುಮಾಸ್ತೆಯಾಗಿದ್ದ ಹೈಸ್ಕೂಲಿನಲ್ಲಿ, ನೆಂಟರ ಮನೆಯಲ್ಲಿ, ಎಲ್ಲ ಕಡೆ. ಆಶಾ ಕಾರ್ಯಕರ್ತೆ ಬಂದು ಕೇಳಿಕೊಂಡು, “ಎಂಥಾ ತಲೀರಿ ನಿಮ್ದು” ಎಂದಾಗ ಎರಡು ದಿನ ನೆಲದ ಮೇಲೆ ಕಾಲಿಟ್ಟಿರಲಿಲ್ಲ. ನೌಕರಿಯವಳೆಂದು ನನಗೆ ಭಾನುವಾರದ ಪಾಳಿ ಕೊಟ್ಟಿದ್ದರು.

ಅದು ನಡೆದದ್ದೂ ಒಂದು ಭಾನುವಾರವೇ. ನನ್ನ ಮಗಳನ್ನು ನೋಡಲು ಹಡಗಲಿಯಿಂದ ಗಂಡಿನ ಕಡೆಯವರು ಮೂರು ಗಂಟೆಗೆ ಬರುವವರಿದ್ದರು. ಬೆಳಗಿನಿಂದ ಕಟ್ಟೆ ತೊಳೆದು, ರಂಗೋಲಿ ಹಾಕಿ, ಪಡಸಾಲೆಗೆ ಹೊಸ ಜಮಖಾನ ಹಾಸಿದ್ದೆ. ಚಿಗವ್ವ ಕೊಟ್ಟ ದಿಂಬನ್ನು ಅಟ್ಟದ ಮೇಲೆ ಎಸೆದಿದ್ದೆ. ಇವತ್ತೊಂದು ದಿನ ಆಗುವುದಿಲ್ಲ ಎಂದು ಅವಳಿಗೆ ಹೇಳಬೇಕಿತ್ತು, ಅಥವಾ ಪಕ್ಕದ ಮನೆಗಾದರೂ ದಿಂಬು ದಾಟಿಸಬೇಕಿತ್ತು. ಉಪ್ಪಿಟ್ಟಿನ ರವೆ, ಮಿರ್ಚಿಯ ಹಿಟ್ಟು, ಮಗಳ ಸೆರಗು... ಮರೆತೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಅಡ್ಡಾಡುವುದು ಬೇಸರವಾಗಿತ್ತು, ಅಷ್ಟೆ.

ಎರಡಾಯಿತು. ಕರೆಯಲು ನಾನು ಹೋಗಲಿಲ್ಲ. ದಿನದ ರೂಢಿಯಂತೆ ಚಿಗವ್ವ ಬಾಗಿಲು ತೆರೆದಿಟ್ಟು, ಹೇಗೂ ನಾನು ಬರುತ್ತೇನೆಂದು ಮಲಗಿಬಿಟ್ಟಿದ್ದಳು. ಕಾಕ ತಾವೇ ಎದ್ದು ಬಂದು ನಮ್ಮ ರಂಗೋಲಿಯ ನಡುವೆ ನಿಂತರು.

“ಹಿಂಜೋದೈತೇನವ್ವಾ?”

“ಇವತ್ತಿಲ್ಲ ಕಾಕಾ, ಹೋಗ್ರಿ.”

ಹೋಗಲಿಲ್ಲ. “ಗಾದಿ ಅದಾವಂತ ಹೇಳಿದ್ದಿಯಲ್ಲವ್ವಾ” ಎಂದು ಅಲ್ಲೇ ಕೂರಲು ಬಗ್ಗಿದರು. ಕಾಲಡಿ ರಂಗೋಲಿ ಅಳಿಸಿತು. ನನ್ನ ಬಾಯಿ ಮೊದಲೇ ಜೋರು. ಕೈಯಲ್ಲಿ ಹಿಟ್ಟು, ತಲೆಯಲ್ಲಿ ಗಡಿಬಿಡಿ. “ನಮ್ಮ ಗಾದಿ ಎಲ್ಲಾ ಕೂಡ್ಲಿಗ್ಯಾಗ ನಮ್ಮ ತವರುಮನ್ಯಾಗ ಅದಾವ. ಅಲ್ಲಿಗೇ ಹೋಗಿ ಹಿಂಜಿ ಬರ್ರಿ, ಹೋಗ್ರಿ!” ಎಂದೆ.

ಕಾಕ ನೆಟ್ಟಗಾದರು. ಮುಖ ಅರಳಿತು. “ಆತವ್ವಾ” ಎಂದು ತಿರುಗಿದರು. ಮನೆಗೆ ಹೋದರು ಎಂದುಕೊಂಡೆ. ಎದುರಿನ ಬಾಗಿಲಿಗೆ ಹತ್ತು ಹೆಜ್ಜೆ. ಕಣ್ಣೆತ್ತಿ ನೋಡಲಿಲ್ಲ. ರಂಗೋಲಿ ತಿದ್ದುತ್ತಾ ಕೂತೆ.

ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಚಿಗವ್ವ ಬಂದಳು. ಕೂದಲು ಬಿಚ್ಚಿತ್ತು. ಒಳಗೆ ಬೀಗರಾಗುವವರು ಮಿರ್ಚಿ ತಿನ್ನುತ್ತಿದ್ದರು. ಅವರನ್ನು ಕಂಡು ಹೊಸ್ತಿಲಾಚೆಯೇ ನಿಂತು, “ತಂಗಿ, ಇವ್ರು ಇಲ್ಲಿಗೆ ಬಂದಿದ್ರೇನು?” ಎಂದಳು. ಹುಡುಗನ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ವಯಸ್ಸಾದವರನ್ನು ಬಾಗಿಲಿಂದ ಅಟ್ಟಿದೆ ಎಂದು ಅವರೆದುರು ಹೇಗೆ ಹೇಳಲಿ?

“ಇಲ್ಲ ಚಿಗವ್ವ. ಇವತ್ತು ಬಂದೇ ಇಲ್ಲ.”

ಅವಳು ಹಣೆ ಚಚ್ಚಿಕೊಂಡಳು. “ಹಂಗಾರ ನಾ ಮಕ್ಕೊಂಡ ಮ್ಯಾಲೆ ಎದ್ದು ಹೋಗ್ಯಾರ. ನೀ ಕರಿಯಾಕ ಬಂದೀಯೋ ಇಲ್ಲೋ, ನಾ ನೋಡ್ಬೇಕಿತ್ತಲ್ಲ... ಹೆಣದಂಗ ನಿದ್ದಿ ಬಂತು.”

ಓಣಿಯೆಲ್ಲ ಎದ್ದು ಹುಡುಕಿತು. ಬಸ್‌ಸ್ಟ್ಯಾಂಡ್, ಮಸೀದಿ, ಸಂತೆಮೈದಾನ, ಮಗಳ ಊರಿಗೆ ಹೊರಟಿರಬಹುದೆಂದು ಹರಪನಹಳ್ಳಿ ರಸ್ತೆಗೆ ಎರಡು ಬೈಕು. ನಮ್ಮ ಯಜಮಾನರೂ ಹೊರಟರು. ಅಡುಗೆಮನೆಗೆ ಕರೆದು, “ಕೂಡ್ಲಿಗಿ ರಸ್ತೀನೂ ಒಂದೀಟು ನೋಡ್ರಿ” ಎಂದೆ. “ಅಲ್ಲ್ಯಾಕ ಹೋಗ್ತಾರ? ಅಲ್ಲಿ ಅವ್ರ ಮಂದಿ ಯಾರದಾರ?” ಎಂದರು. ಅಷ್ಟು ಜೋರಿನ ನನ್ನ ಬಾಯಿ ಆಗ ತೆರೆಯಲಿಲ್ಲ. ಆಗಲೇ ಹೇಳಿದ್ದರೆ ಬೈಕಿನಲ್ಲಿ ಕಾಲು ತಾಸಿನ ದಾರಿ.

ಮರುದಿನ ಬೆಳಗ್ಗೆ ಕೂಡ್ಲಿಗಿ ರಸ್ತೆಯ ಪಕ್ಕದ ತಗ್ಗಿನಲ್ಲಿ ಕುರಿ ಕಾಯುವವರಿಗೆ ಸಿಕ್ಕರು. ಸೊಂಟದ ಮೂಳೆ ಮುರಿದಿತ್ತು. ಅಂಗಾಲೆಲ್ಲ ಬೊಬ್ಬೆ. ಎತ್ತಿದವರನ್ನು, “ಕೂಡ್ಲಿಗಿ ಇನ್ನಾ ಎಷ್ಟು ದೂರ ಐತ್ರಿ? ಗಾದಿ ಹಿಂಜೋದೈತಿ” ಎಂದು ಕೇಳಿದರಂತೆ. ಪಾಪ, ಹಳೇ ಕಾಲ ತಲೆಯಲ್ಲಿ ಸುತ್ತುತ್ತಿದೆ ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ಕಾಕ ದಾರಿ ತಪ್ಪಿರಲಿಲ್ಲ. ನಾನು ಹೇಳಿದ ದಾರಿಯಲ್ಲೇ ಇದ್ದರು. ಅದು ಗೊತ್ತಿದ್ದವಳು ನಾನೊಬ್ಬಳೇ.

ಕಾಕ ಮತ್ತೆ ಏಳಲಿಲ್ಲ. ನಾಲ್ಕು ತಿಂಗಳು ಹಾಸಿಗೆ ಹಿಡಿದರು. ಒಂದು ಮನೆಯಿಂದ ಗಂಜಿ, ಒಂದು ಮನೆಯಿಂದ ರೊಟ್ಟಿ ಹೋಗುತ್ತಿತ್ತು. ಮಗ್ಗುಲು ಬದಲಿಸಲು ಪಕ್ಕದ ಮನೆಯ ಗಂಡಸರು ದಿನಕ್ಕೆರಡು ಸಲ ಬರುತ್ತಿದ್ದರು. ಹೊಲಸಾದ ದುಪ್ಪಡಿಗಳನ್ನು ನಾನೇ ಒಗೆದೆ. ಸ್ವಂತ ಸೊಸೆಯೂ ಹೀಗೆ ಮಾಡುವುದಿಲ್ಲ ಎಂದು ಓಣಿಯ ಹೆಂಗಸರು ಹೊಗಳಿದರು. ನಾನು ಬೇಡ ಎನ್ನಲಿಲ್ಲ. ಥೂ, ಈಗ ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಒಂದು ಮಧ್ಯಾಹ್ನ, “ನಾ ಕೂತಿರ್ತೀನಿ ಚಿಗವ್ವ, ನೀ ಒಂದು ತಾಸು ಮಕ್ಕೋ” ಎಂದೆ. ಅವಳು ಗೋಡೆಗೆ ಒರಗಿ ನೆಟ್ಟಗೆ ಕೂತಿದ್ದಳು. “ಬ್ಯಾಡ ತಂಗಿ. ನಾ ಮಕ್ಕೊಂಡಿದ್ದಕ್ಕ ಇಷ್ಟೆಲ್ಲ ಆತು” ಎಂದಳು. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಬೀಗರೂ ಇರಲಿಲ್ಲ, ಓಣಿಯವರೂ ಇರಲಿಲ್ಲ. ಹೇಳಬಹುದಿತ್ತು. ಹೇಳಿದ್ದರೆ ಬೈಯುತ್ತಿದ್ದಳು, ಮುಖ ನೋಡುತ್ತಿರಲಿಲ್ಲ, ಇರಲಿ. ಆದರೆ ಮಲಗುತ್ತಿದ್ದಳು.

ಹಡಗಲಿಯ ಸಂಬಂಧ ಕೂಡಿಬಂತು. ಮದುವೆಯ ಹೊತ್ತಿಗೆ ಕಾಕ ಇರಲಿಲ್ಲ. ಮಗಳ ಜೊತೆ ಕಳಿಸುವ ಗಾದಿ, ದಿಂಬು ಹೊಲಿದುಕೊಟ್ಟವಳು ಚಿಗವ್ವನೇ. “ಇವ್ರಿದ್ದಿದ್ರ ಅರಳಿ ಹಿಂಗಿರ್ತಿರಲಿಲ್ಲ, ಮಾಡದಂಗ ಹಿಂಜ್ತಿದ್ರು” ಎಂದು ದಾರ ಕಡಿದಳು. ಮೋಡದಂತೆ ಎನ್ನುವುದನ್ನು ಅವಳು ಹಾಗೇ ಹೇಳುತ್ತಿದ್ದಳು. ಮದುವೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಮದುವೆ ಮುಗಿಯಿತು. ಚಿಗವ್ವನನ್ನು ಅವಳ ಮಗಳು ಹರಪನಹಳ್ಳಿಗೆ ಕರೆದುಕೊಂಡು ಹೋದಳು. ಹೋಗಿ ಹೇಳಿ ಬರೋಣ ಎಂದು ಮೂರು ಸಲ ಹೊರಟೆ. ಒಮ್ಮೆ ಬಸ್ಸು ಹತ್ತಿಯೂ ಇಳಿದೆ.

ಕಳೆದ ವರ್ಷ ಅವಳು ತೀರಿಹೋದ ಸುದ್ದಿ ಬಂದ ಮೇಲೆ ಹೋದೆ. ಅವಳ ಮಗಳು ನನ್ನ ಕೈ ಹಿಡಿದುಕೊಂಡು ಅತ್ತಳು. “ನಮ್ಮವ್ವ ನಿಮ್ಮನ್ನ ನೆನಸದ ದಿನಾನೇ ಇಲ್ರಿ ಅಕ್ಕಾ. ಆಕಿ ದಿಂಬಿನ ಉಪಾಯ ಮಾಡಿದ್ದಕ್ಕ ಒಂದಿಷ್ಟು ದಿನ ನಿದ್ದಿ ಕಂಡೆ ಅಂತಿದ್ಲು. ಇಲ್ಲಿಗೆ ಬಂದ ಮ್ಯಾಲೆ ಮಧ್ಯಾಹ್ನ ಒಂದು ದಿನಾನೂ ಮಕ್ಕೊಳ್ಳಲಿಲ್ರಿ. ಜ್ವರ ಬಂದಾಗೂ ಬಾಗಿಲ ಕಡಿ ನೋಡ್ತಾ ಕುಂತೇ ಇರ್ತಿದ್ಲು. ಅಪ್ಪ ಹೋಗಿ ಇಷ್ಟು ವರ್ಸ ಆತು, ಯಾರನ್ನ ಕಾಯ್ತೀಯವ್ವಾ ಅಂದ್ರ ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬರ್ತಿದ್ಲು.”

ನಾನು ಬಾಯಿ ತೆರೆದೆ. “ನಿಮ್ಮವ್ವ ಭಾಳ ಒಳ್ಳೇಕಿ” ಎಂದೆ. ಕೊಟ್ಟ ಚಹಾ ಕುಡಿದು, ಎರಡು ಗಂಟೆಯ ಬಸ್ಸಿಗೆ ವಾಪಸು ಬಂದೆ.

ಎದುರುಮನೆಗೆ ಈಗ ಬೇರೆ ಯಾರೋ ಬಾಡಿಗೆಗೆ ಬಂದಿದ್ದಾರೆ. ನಾನು ನಿವೃತ್ತಳಾಗಿದ್ದೇನೆ. ಇಷ್ಟೆಲ್ಲ ಮಾಡಿದವಳಿಗೆ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ ಎಂದು ಬರೆದರೆ ಓದಿದವರಿಗೆ ಸಮಾಧಾನವಾದೀತು. ಆದರೆ ಒಂದು ಸುಳ್ಳು ಸಾಕು. ಮಧ್ಯಾಹ್ನ ಊಟ ಮಾಡಿ ಮಲಗಿದರೆ ನನಗೆ ನಾಲ್ಕರವರೆಗೆ ಎಚ್ಚರವಾಗುವುದಿಲ್ಲ.