ಇಂಜಿನಿಯರಿಗೆ ಕೊಟ್ಟ ತಿಳಿನೀರು

ಗುಬ್ಬಿಯ ನಮ್ಮ ಬೀದಿಯ ನಲ್ಲಿನೀರಿಗೆ ಕನ್ನಡದಲ್ಲಿ ಹೆಸರಿಗೆ ಬರವಿರಲಿಲ್ಲ. ಬಗ್ಗಡ, ರಾಡಿ, ಕದಡು. ಆದರೂ ಪೈಪು ಬದಲಿಸಿಕೊಡಿ ಎಂಬ ಅರ್ಜಿಯಲ್ಲಿ ನಾನು ಬರೆದದ್ದು 'ಟರ್ಬಿಡ್'. ಎಪ್ಪತ್ತರ ದಶಕದ ಕೊನೆ. ತುಮಕೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ನನಗೆ, ಇಂಗ್ಲಿಷ್ ಅರ್ಜಿಯನ್ನು ಪುರಸಭೆ ಆಫೀಸಿನವರು ಕಸಕ್ಕೆ ಹಾಕಲಾರರು ಎಂಬ ಭ್ರಮೆ. ನಿಘಂಟು ನೋಡಿಯೇ ಆರಿಸಿದ್ದೆ. 'ಮಡ್ಡಿ' ಎಂದರೆ ಬರೀ ಮಣ್ಣಾಯಿತು, 'ಡರ್ಟಿ' ಬೈಗುಳದಂತಿತ್ತು. ಟರ್ಬಿಡ್ ಎಂದರೆ ಒಳಗೆ ಏನೇನೋ ತೇಲಾಡಿ ಆಚೆಬದಿ ಕಾಣದಂತಾದ ನೀರು. ನಮ್ಮದು ಅದೇ. ಒಡೆದ ಪೈಪು ಚರಂಡಿಯಲ್ಲೇ ಹಾದುಬರುತ್ತಿತ್ತು. ಅಣ್ಣನ ಮಗುವಿಗೆ ಭೇದಿ ನಿಲ್ಲುತ್ತಲೇ ಇರಲಿಲ್ಲ.

ಇಂಜಿನಿಯರು ಜೀಪಿನಲ್ಲಿ ಬಂದ. ಬೀದಿಯವರೆಲ್ಲ ನಮ್ಮ ಬಾಗಿಲಿಗೆ ಬಂದರು.

"ಟರ್ಬಿಡ್ ಅಂತ ಬರ್ದಿರೋ ಪಂಡಿತ್ರು ಯಾರಪ್ಪಾ? ಅದು ಟೆಸ್ಟ್ ಮಾಡಿ ನಾವು ಬರೆಯೋ ಮಾತು. ಎಲ್ಲಿ, ಒಂದು ಲೋಟ ನೀರು ತನ್ನಿ."

ನಲ್ಲಿಯ ಹೊತ್ತು ಮುಗಿದಿತ್ತು. ಅತ್ತಿಗೆ ಒಳಗಿಂದ ಗಾಜಿನ ಲೋಟದಲ್ಲಿ ನೀರು ತಂದರು. ಮಡಕೆಯ ಒಳಮೈಗೆ ಚಿಲ್ಲದ ಬೀಜ ತೇದು, ಬಗ್ಗಡವೆಲ್ಲ ತಳ ಸೇರಿದ ಮೇಲೆ ಬಟ್ಟೆಯಲ್ಲಿ ಸೋಸಿದ ನೀರು. ಮನೆಗೆ ಬಂದವರಿಗೆ ಅವರು ಬೇರೆ ನೀರು ಕೊಟ್ಟವರೇ ಅಲ್ಲ. ಜೊತೆಗೆ ತಟ್ಟೆಯಲ್ಲಿ ಬೆಲ್ಲದ ಚೂರು.

ಅವನು ಲೋಟವನ್ನು ಬಿಸಿಲಿಗೆ ಹಿಡಿದ. "ಮುಖ ಕಾಣ್ತದಲ್ಲಯ್ಯಾ ಇದ್ರಲ್ಲಿ." ಬೆಲ್ಲ ಬಾಯಿಗೆ ಹಾಕಿಕೊಂಡು ಪೂರ್ತಿ ಕುಡಿದ.

"ಅದು ಬೀಜ ತೇದು ತಿಳಿ ಮಾಡಿದ್ದು ಸಾರ್" ಎಂದೆ.

"ಹಂಗೇ ತೇದ್ಕೊಂಡು ಕುಡೀರಿ. ಪೈಪ್ ಯಾಕೆ?"

ಆ ಲೋಟ ಕಿತ್ತು ಅವನೆದುರೇ ಚೆಲ್ಲಿದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಚೆಲ್ಲಲು ಅದರಲ್ಲಿ ನೀರೇ ಉಳಿದಿರಲಿಲ್ಲ. ಬಿಸಿಲೂ ಇತ್ತೋ ಇಲ್ಲವೋ. ಅಷ್ಟು ತಿಳಿಯಾದ ನೆನಪನ್ನು ನಾನು ನಂಬುವುದಿಲ್ಲ. ಮಗು ಕುಡಿಯುತ್ತಿದ್ದದ್ದೂ ಅದೇ ತಿಳಿನೀರು.

ಜೀಪು ಹೋದ ಮೇಲೆ ಎದುರುಮನೆ ಅಜ್ಜಿ ನನ್ನ ಮೇಲೆ ರೇಗಿಬಿದ್ದಳು. "ಏನ್ಲಾ, ಕಾಲೇಜಲ್ಲಿ ಕಲ್ತಿದ್ದು ಇದೇನಾ?" ಆಮೇಲೆ ಅತ್ತಿಗೆಯ ಕಡೆ ತಿರುಗಿ, "ನಮ್ಮನೇಗ್ ಬಂದಿದ್ರೆ ಬಗ್ಗಡಾನೇ ಕುಡಿಸ್ತಿದ್ದೆ ಕಣೇ."

"ನೀನೂ ಕುಡಿಸ್ತಿರ್ಲಿಲ್ಲ, ಬುಡು ಅಜ್ಜಿ" ಎಂದರು ಅತ್ತಿಗೆ.

ಮರುದಿನ ನಲ್ಲಿ ಬಂದಾಗ ಅತ್ತಿಗೆ ಒಂದು ಲೋಟ ಬಗ್ಗಡ ಹಿಡಿದು ಜಗಲಿಯ ಮೇಲಿಟ್ಟರು. "ಅವ್ನು ಬಂದ್ರೆ ನೀನೇ ಕೊಡು. ನಾನು ಒಳಗಿರ್ತೀನಿ."

ಯಾರೂ ಬರಲಿಲ್ಲ. ಸಂಜೆಗೆ ಅದೂ ತಾನಾಗಿ ತಿಳಿಯಾಗಿ, ತಳದಲ್ಲಿ ಗಸಿ ಕೂತಿತ್ತು. ಆ ವಾರವೇ ಅತ್ತಿಗೆ ಮಗುವನ್ನೆತ್ತಿಕೊಂಡು ಕುಣಿಗಲ್ಲಿನ ತವರಿಗೆ ಹೊರಟರು. ಬಸ್ಸು ಹತ್ತುವಾಗ ನನಗೆ ಹೇಳಿದರು: "ಪೈಪು ಹಾಕ್ಸಿದ್ ದಿನ ಬರ್ತೀನಿ ಅಂತ ನಿಮ್ಮಣ್ಣಂಗೆ ಹೇಳಪ್ಪ."

ಅಣ್ಣ ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದ.